ಗರ್ಭಿಣಿಯೂ ನೆಗಡಿಯ ಮಾತ್ರೆಯೂ



ಮಳೆಗಾಲ ಮುಗಿದು ಚಳಿ ಬೀಳುವ ದಿವಸಗಳಲ್ಲಿ ಹಳ್ಳಿಯ ಯಾವ ಮನೆಗೆ ಹೋದರೂ ಒಬ್ಬರಿಗಲ್ಲದಿದ್ದರೆ ಒಬ್ಬರಿಗೆ ನೆಗಡಿ ಇದ್ದೇ ಇರುತ್ತದೆ. ಮೂಗು ಸೋರುತ್ತದೆ, ತಲೆ ಭಾರವಾಗುತ್ತದೆ, ಮೈ ಬಿಸಿಯೇರುತ್ತದೆ. ಮನೆಯ ಸೊಸೆಯಾದವಳು ಹೊಲದ ಕೆಲಸವನ್ನಾಗಲಿ ಒಲೆಯ ಕೆಲಸವನ್ನಾಗಲಿ ಬಿಟ್ಟು ಮಲಗುವ ಹಾಗಿಲ್ಲವಾದದರಿಂದ, ಅಂಗಡಿಯಿಂದ ಎರಡು ಮಾತ್ರೆ ತರಿಸಿ ನುಂಗಿ ಕೆಲಸಕ್ಕೆ ನಿಲ್ಲುತ್ತಾಳೆ. ಹದಿನೈದು ದಿವಸ ಕಳೆದ ಮೇಲೆ ತಾನು ಮುಟ್ಟಾಗಲಿಲ್ಲವೆಂಬದು ಅವಳ ಗಮನಕ್ಕೆ ಬರುತ್ತದೆ. ಪರೀಕ್ಷೆ ಮಾಡಿಸಿದರೆ ಬಸುರಿಯೆಂದು ತಿಳಿಯುತ್ತದೆ. ಸಂತೋಷಪಡಬೇಕಾದ ಆ ಗಳಿಗೆಯಲ್ಲಿಯೇ ಅವಳ ಎದೆಯಲ್ಲಿ ಮುಳ್ಳು ನಾಟುತ್ತದೆ: “ಅಯ್ಯೋ, ಆ ಮಾತ್ರೆ ನುಂಗಿಬಿಟ್ಟೆನಲ್ಲಾ! ಕೂಸಿಗೆ ಏನಾದೀತೋ!”

ಈ ಭಯವನ್ನು ಅವಳು ಸುಲಭವಾಗಿ ಬಾಯಿಬಿಟ್ಟು ಹೇಳುವದಿಲ್ಲ. ಗಂಡನಿಗೆ ಹೇಳಿದರೆ ಅವನು ಬೈದಾನು, ಅತ್ತೆಗೆ ಹೇಳಿದರೆ ನಾಳೆ ಏನಾದರೂ ಕೆಟ್ಟದ್ದಾದಲ್ಲಿ ಅದೆಲ್ಲಾ ತನ್ನ ತಲೆಗೆ ಬಂದೀತು ಎಂದು ಎಣಿಸಿ, ರಾತ್ರಿಯಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಾಳೆ. ಕಡೆಗೆ ಯಾವಳೋ ನೆರೆಯವಳ ಮುಂದೆ ಹೇಳಿಕೊಂಡರೆ, ಆ ನೆರೆಯವಳು ಏನೂ ತಿಳಿಯದೆ, “ಹಾಗಾದರೆ ಇದನ್ನು ತೆಗೆಸಿಬಿಡು, ಇನ್ನೊಂದು ಆದೀತು” ಎಂದು ಹೇಳುವದೂ ಉಂಟು. ಇಂಥ ಒಂದು ಮಾತಿನಿಂದ ಹುಟ್ಟಬೇಕಾದ ಶಿಶುಗಳು ಹುಟ್ಟದೆ ಹೋಗುವದುಂಟಾದದರಿಂದ, ಈ ಸಂಗತಿಯನ್ನು ಈ ತಿಂಗಳ ಪಾಠವಾಗಿ ಎತ್ತಿಕೊಂಡಿದ್ದೇವೆ. ಸ್ತ್ರೀಯರ ಕೂಟಗಳಲ್ಲಿ ಓದಬಲ್ಲವರು ಓದಬಾರದವರಿಗೆ ಇದನ್ನು ಓದಿ ಹೇಳುವದು ಒಳ್ಳೇದು. ಇದು ಹೆಂಗಸರ ವಿಷಯವೆಂದು ಗಂಡಸರು ಪುಟ ತಿರುವಬಾರದು. ಯಾಕಂದರೆ ಅಂಗಡಿಗೆ ಹೋಗಿ ಮಾತ್ರೆ ತರುವವರು ಹೆಚ್ಚಾಗಿ ಅವರೇ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಬಸುರಿಯೆಂದು ತಿಳಿಯುವದಕ್ಕೆ ಮುಂಚೆ ಸಾಧಾರಣವಾದ ನೆಗಡಿಯ ಮಾತ್ರೆಯನ್ನು ಒಂದೆರಡು ದಿವಸ ನುಂಗಿದ್ದರಿಂದ ಶಿಶುವಿಗೆ ಕೇಡಾಗುವದೆಂದು ಭಯಪಡುವದಕ್ಕೆ ಕಾರಣವಿಲ್ಲ. ಅದಕ್ಕೋಸ್ಕರ ಗರ್ಭವನ್ನು ತೆಗೆಸಬೇಕೆಂದು ತಿಳಿವಳಿಕೆಯುಳ್ಳ ಯಾವ ವೈದ್ಯರೂ ಹೇಳುವದಿಲ್ಲ. ಈ ಮಾತು ಯಾವ ಆಧಾರದ ಮೇಲೆ ನಿಂತಿದೆ ಎಂದು ಕೇಳುವವರಿಗಾಗಿ ಮುಂದಿನದನ್ನು ಬರೆಯುತ್ತೇವೆ.

ಮೊದಲನೇದಾಗಿ, ಈ ಭಯವು ಬರೇ ಹುಚ್ಚಲ್ಲ. ಅದಕ್ಕೆ ಒಂದು ಚರಿತ್ರೆ ಉಂಟು. ಹಿಂದಿನ ಕಾಲದಲ್ಲಿ ಅನೇಕ ವೈದ್ಯರು ಸಹ, ಗರ್ಭದಲ್ಲಿರುವ ಶಿಶುವು ಮಾಸಿನ ಮರೆಯಲ್ಲಿ ಕೋಟೆಯೊಳಗಿದ್ದ ಹಾಗೆ ಭದ್ರವಾಗಿರುತ್ತದೆ, ತಾಯಿ ನುಂಗಿದ ಔಷಧವು ಅದನ್ನು ಮುಟ್ಟುವದಿಲ್ಲ ಎಂದು ನೆನಸಿಕೊಂಡಿದ್ದರು. ಪಶ್ಚಿಮ ಜರ್ಮನಿಯಲ್ಲಿ ಗ್ರೂನೆಂಟಾಲ್ ಎಂಬ ಕಂಪನಿಯವರು ಥಾಲಿಡೊಮೈಡ್ ಎಂಬ ಹೊಸ ಔಷಧವನ್ನು ಉಂಟುಮಾಡಿ, 1956ರಲ್ಲಿ ಅದನ್ನು ಬೇರೆ ಔಷಧಗಳ ಸಂಗಡ ಕೂಡಿಸಿ ಗ್ರಿಪ್ಪೆಕ್ಸ್ ಎಂಬ ಹೆಸರಿನಿಂದ ಶ್ವಾಸದ ರೋಗಗಳಿಗೆ ಕೊಡತೊಡಗಿದರು. ಅಂದರೆ ಆ ಭಯಂಕರವಾದ ಔಷಧವು ಮೊದಲು ಅಂಗಡಿಗೆ ಬಂದದ್ದು ನೆಗಡಿಯ ಔಷಧದ ವೇಷದಲ್ಲಿಯೇ. ಆ ವರುಷದ ಡಿಸೆಂಬರ್ 25ರಂದು ಆ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬನ ಮನೆಯಲ್ಲಿ ಕಿವಿಗಳಿಲ್ಲದ ಒಂದು ಹೆಣ್ಣು ಮಗು ಹುಟ್ಟಿತು. ಕಾರಣವೇನೆಂದು ಆಗ ಯಾರಿಗೂ ತಿಳಿಯಲಿಲ್ಲ. 1957ರ ಅಕ್ಟೋಬರ್ 1ರಿಂದ ಅದೇ ಔಷಧವನ್ನು ಕೊಂಟರ್ಗಾನ್ ಎಂಬ ಹೆಸರಿನಿಂದ ನಿದ್ರೆಗಾಗಿ ಮಾರಿದರು. ವೈದ್ಯರ ಚೀಟಿ ಇಲ್ಲದೆಯೇ ಅದು ಸಿಕ್ಕುತ್ತಿತ್ತು. ಗರ್ಭಿಣಿಯರು ಬೆಳಗಿನ ಓಕರಿಕೆಗೂ ಅದನ್ನು ತೆಗೆದುಕೊಂಡರು. ಆಮೇಲೆ ಕೈಗಳಿಲ್ಲದೆ, ಕಾಲುಗಳಿಲ್ಲದೆ, ಭುಜದಿಂದಲೇ ಬೆರಳುಗಳು ಹೊರಟಂಥ ಶಿಶುಗಳು ಹುಟ್ಟತೊಡಗಿದವು. ಹ್ಯಾಂಬರ್ಗ್ ಪಟ್ಟಣದಲ್ಲಿ ಮಕ್ಕಳ ವೈದ್ಯರಾಗಿದ್ದ ವಿಡುಕಿಂಡ್ ಲೆಂಟ್ಸ್ ಎಂಬವರು ಆ ತಾಯಂದಿರನ್ನು ವಿಚಾರಿಸಿ, 1961ರ ನವಂಬರ್‌ನಲ್ಲಿ ಇದು ಆ ಔಷಧದ ಫಲವೆಂದು ಪ್ರಕಟವಾಗಿ ಹೇಳಿದರು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ವಿಲಿಯಂ ಮೆಕ್‌ಬ್ರೈಡ್ ಎಂಬ ವೈದ್ಯರಿಗೂ ಅದೇ ಸಂಶಯ ಬಂದಿತ್ತು. ಆ ತಿಂಗಳು ಮುಗಿಯುವದಕ್ಕೆ ಮುಂಚೆ ಜರ್ಮನಿಯಲ್ಲಿ ಔಷಧವನ್ನು ಹಿಂದಕ್ಕೆ ತೆಗೆದರು. ಅಷ್ಟರಲ್ಲಿ ಅನೇಕ ದೇಶಗಳಲ್ಲಿ 10,000ಕ್ಕಿಂತ ಹೆಚ್ಚು ಶಿಶುಗಳಿಗೆ ಕೇಡು ತಗಲಿತ್ತು. ಅಮೇರಿಕದಲ್ಲಿ ಅದು ಮಾರಾಟಕ್ಕೆ ಬರಲಿಲ್ಲ. ಯಾಕಂದರೆ ಅಲ್ಲಿಯ ಸರಕಾರದ ಔಷಧ ಇಲಾಖೆಯಲ್ಲಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬ ಸ್ತ್ರೀಯು, ಕಂಪನಿಯವರು ಎಷ್ಟು ಒತ್ತಾಯಪಡಿಸಿದರೂ, ಸಾಕಾದಷ್ಟು ರುಜುವಾತು ತೋರಿಸಿರಿ ಎಂದು ಕೇಳಿ ಅಪ್ಪಣೆ ಕೊಡದೆ ತಡೆದರು.

ಇದನ್ನು ನಾವು ಹೆದರಿಸುವದಕ್ಕಾಗಿ ಬರೆಯಲಿಲ್ಲ. ಇದರಿಂದ ಲೋಕವು ಕಲಿತ ಸಂಗತಿಗಳು ಎರಡು ಉಂಟು. ಒಂದು, ಔಷಧವು ಮಾಸನ್ನು ದಾಟಿ ಶಿಶುವಿಗೆ ಮುಟ್ಟುತ್ತದೆಂಬದು. ಇದು ಎಲ್ಲರಿಗೂ ಗೊತ್ತಾಯಿತು. ಎರಡನೇದು ಅಷ್ಟಾಗಿ ಗೊತ್ತಾಗಲಿಲ್ಲ. ಅದೇನೆಂದರೆ, ಇಷ್ಟು ಕ್ರೂರವಾದ ಆ ಔಷಧವು ಸಹ ಎಲ್ಲಾ ದಿವಸಗಳಲ್ಲಿಯೂ ಅಂಗಗಳನ್ನು ಕೆಡಿಸಲಿಲ್ಲ. ಗರ್ಭ ನಿಂತ ಮೇಲೆ ಸುಮಾರು 20ನೇ ದಿವಸದಿಂದ 36ನೇ ದಿವಸದ ವರೆಗೆ ನುಂಗಿದವರ ಶಿಶುಗಳಿಗೇ ಆ ಅಂಗಹೀನತೆ ಉಂಟಾಯಿತು. ಆದದರಿಂದ ಯಾವ ಔಷಧ ಎಂದು ಕೇಳಿದ ಹಾಗೆಯೇ ಯಾವ ದಿವಸ ಎಂದೂ ಕೇಳಬೇಕಾಗಿದೆ.

ಹೀಗಿರುವಲ್ಲಿ ದಿವಸಗಳ ಲೆಕ್ಕವನ್ನು ಸ್ವಲ್ಪ ತಿಳುಕೊಳ್ಳೋಣ. ಆಸ್ಪತ್ರೆಯಲ್ಲಿ ಗರ್ಭದ ವಾರಗಳನ್ನು ಎಣಿಸುವದು ಕಡೇ ಮುಟ್ಟಿನ ಮೊದಲನೇ ದಿವಸದಿಂದ. ಗರ್ಭವು ನಿಲ್ಲುವದಾದರೋ ಅದಕ್ಕೆ ಸುಮಾರು ಎರಡು ವಾರ ತರುವಾಯ. ಹೀಗೆ “ನಿನಗೆ ಆರು ವಾರ” ಎಂದು ದಾದಿಯು ಹೇಳಿದರೆ ಒಳಗಿರುವ ಪಿಂಡಕ್ಕೆ ನಾಲ್ಕೇ ವಾರ. ಅನೇಕ ಸ್ತ್ರೀಯರು ಈ ಎರಡು ಲೆಕ್ಕಗಳನ್ನು ಕಲಸಿಕೊಂಡು, ಗರ್ಭವು ಇನ್ನೂ ನಿಲ್ಲದಿದ್ದ ದಿವಸಗಳಲ್ಲಿ ನುಂಗಿದ ಮಾತ್ರೆಗಾಗಿಯೂ ಅಳುತ್ತಾರೆ! ಗರ್ಭ ನಿಂತ ಮೊದಲಿನ ಎರಡು ವಾರಗಳಲ್ಲಿ ಪಿಂಡವು ಬಹು ಸಣ್ಣದಾಗಿ, ಇನ್ನೂ ಇದು ಕೈ, ಇದು ಕಾಲು ಎಂಬ ಭೇದವಿಲ್ಲದೆ ಇರುತ್ತದೆ. ಆ ಕಾಲದಲ್ಲಿ ಏನಾದರೂ ಬಲವಾದ ಪೆಟ್ಟು ತಗಲಿದರೆ ಗರ್ಭವು ನಿಲ್ಲದೆ ಹೋಗುತ್ತದೆ. ನಿಂತರೆ ಸಾಧಾರಣವಾಗಿ ಕುಂದಿಲ್ಲದೆ ಬೆಳೆಯುತ್ತದೆ. ಮೂರನೇ ವಾರದಿಂದ ಎಂಟನೇ ವಾರದ ವರೆಗೆ ಅಂಗಗಳು ರೂಪುಗೊಳ್ಳುತ್ತವೆ. ಸುಮಾರು 22ನೇ ದಿವಸದಲ್ಲಿ ಹೃದಯವು ಬಡಿಯತೊಡಗುತ್ತದೆ. 28ನೇ ದಿವಸದೊಳಗಾಗಿ, ಮುಂದೆ ಮಿದುಳೂ ಬೆನ್ನುಹುರಿಯೂ ಆಗತಕ್ಕ ಕೊಳವೆಯು ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಕೈಕಾಲುಗಳ ಮೊಳಕೆಗಳೂ ಕಾಣುತ್ತವೆ. ಈ ವಾರಗಳೇ ಎಚ್ಚರವಾಗಿರತಕ್ಕ ವಾರಗಳು. ದುಃಖದ ಸಂಗತಿಯೇನಂದರೆ, ಇವುಗಳಲ್ಲಿ ಬಹುಭಾಗವು ಸ್ತ್ರೀಗೆ ತಾನು ಬಸುರಿಯೆಂಬದು ಸ್ಪಷ್ಟವಾಗುವದಕ್ಕೆ ಮುಂಚೆಯೇ ಕಳೆದುಹೋಗುತ್ತದೆ.

ಇನ್ನು ಒಂದು ಲೆಕ್ಕವನ್ನೂ ಮನಸ್ಸಿನಲ್ಲಿಡಬೇಕು. ಯಾವ ಔಷಧವನ್ನೂ ಮುಟ್ಟದ ತಾಯಂದಿರ ಮಕ್ಕಳಲ್ಲಿಯೂ ನೂರರಲ್ಲಿ ಎರಡು ಮೂರು ಏನಾದರೊಂದು ಅಂಗದೋಷದಿಂದ ಹುಟ್ಟುತ್ತವೆ. ಗರ್ಭವೆಂದು ತಿಳಿದ ಮೇಲೆ ಹತ್ತರಲ್ಲಿ ಒಂದೆರಡು ತಾವಾಗಿಯೇ ಇಳಿದುಹೋಗುತ್ತವೆ. ಮೊದಲಿನ ತಿಂಗಳುಗಳಲ್ಲಿ ಹೀಗೆ ಇಳಿಯುವವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಬೀಜದೊಳಗಿನ ಏರುಪೇರೇ ಹೊರತು ತಾಯಿ ತಿಂದದ್ದಾಗಲಿ ಕುಡಿದದ್ದಾಗಲಿ ಎತ್ತಿದ್ದಾಗಲಿ ಅಲ್ಲ. ಹೀಗಿದ್ದರೂ ಇಂಥದೊಂದು ಆದಾಗ ಮನೆಯವರು ಹಿಂದಕ್ಕೆ ತಿರುಗಿ ಕಾರಣ ಹುಡುಕುತ್ತಾರೆ. ಆ ನೆಗಡಿಯ ಮಾತ್ರೆ ನೆನಪಿಗೆ ಬರುತ್ತದೆ. ಅಪರಾಧಿಯು ಸಿಕ್ಕಿಬಿಟ್ಟನೆಂದು ವಿಚಾರಣೆಯು ಅಲ್ಲಿಗೇ ಮುಗಿಯುತ್ತದೆ. ಆ ಮಾತ್ರೆ ನುಂಗಿ ಒಳ್ಳೇ ಮಕ್ಕಳನ್ನು ಹೆತ್ತವರನ್ನು ಯಾರೂ ಎಣಿಸುವದಿಲ್ಲ. ಕೆನಡ ದೇಶದ ಟೊರೊಂಟೊ ಪಟ್ಟಣದಲ್ಲಿ, ಗರ್ಭಿಣಿಯರಿಗೆ ಔಷಧಗಳ ವಿಷಯದಲ್ಲಿ ಆಲೋಚನೆ ಹೇಳುವ ಒಂದು ಕಾರ್ಯಾಲಯವು 1985ರಿಂದ 2019ರ ವರೆಗೆ ನಡೆಯಿತು. ಅಲ್ಲಿಯ ವೈದ್ಯರು 1989ರಲ್ಲಿ ಪ್ರಕಟಿಸಿದ ಒಂದು ವಿಚಾರಣೆಯಲ್ಲಿ, ಏನೂ ಕೇಡು ಮಾಡದ ಔಷಧಗಳನ್ನು ತೆಗೆದುಕೊಂಡಿದ್ದ ಸ್ತ್ರೀಯರನ್ನು, ನಿಮ್ಮ ಶಿಶುವಿಗೆ ದೋಷವಿರುವ ಸಂಭವ ಎಷ್ಟು ಎಂದು ಕೇಳಿದಾಗ, ಸರಾಸರಿಯಲ್ಲಿ ನೂರಕ್ಕೆ 24 ಎಂದು ಅವರು ಹೇಳಿದರು. ಅಂದರೆ ಇರುವದಕ್ಕಿಂತ ಎಷ್ಟೋ ಪಾಲು ಹೆಚ್ಚು. ಓದುಬರಹ ಬಲ್ಲ ಪಟ್ಟಣದ ಹೆಂಗಸರೇ ಹೀಗೆ ಎಣಿಸಿದ ಮೇಲೆ ನಮ್ಮ ಹಳ್ಳಿಯವರು ಹೆದರುವದರಲ್ಲಿ ಆಶ್ಚರ್ಯವೇನು?

ಭಯದಿಂದಲೂ ಕೇಡಾಗುತ್ತದೆಂಬದಕ್ಕೆ ಬೆಂಡೆಕ್ಟಿನ್ ಎಂಬ ಮಾತ್ರೆಯ ಕಥೆಯೇ ಸಾಕ್ಷಿ. ಇದು ಅಮೇರಿಕದಲ್ಲಿ 1956ರಿಂದ ಗರ್ಭಿಣಿಯರ ವಾಂತಿಗೆ ಕೊಡುತ್ತಿದ್ದ ಔಷಧ. ಅದರಲ್ಲಿದ್ದ ಡಾಕ್ಸಿಲಮೀನ್ ಎಂಬದು ನೆಗಡಿಯ ಮಾತ್ರೆಗಳಲ್ಲಿ ಹಾಕುವ ಔಷಧಗಳ ಬಳಗದ್ದೇ. ಥಾಲಿಡೊಮೈಡಿನ ಸುದ್ದಿಯ ಹೆದರಿಕೆ ಇನ್ನೂ ಆರದಿರುವಾಗ, ಈ ಮಾತ್ರೆಯಿಂದಲೂ ಮಕ್ಕಳಿಗೆ ದೋಷ ಬಂತೆಂದು ಜನರು ನ್ಯಾಯಸ್ಥಾನಗಳಲ್ಲಿ ವ್ಯಾಜ್ಯಗಳನ್ನು ಹೂಡಿದರು. ಪರೀಕ್ಷೆಗಳಲ್ಲಿ ಅಂಥ ದೋಷವೇನೂ ಕಾಣಲಿಲ್ಲ. ಆದರೂ ವ್ಯಾಜ್ಯದ ಖರ್ಚನ್ನು ತಾಳಲಾರದೆ ಕಂಪನಿಯವರು 1983ರಲ್ಲಿ ಅದನ್ನು ಮಾರುವದನ್ನು ನಿಲ್ಲಿಸಿದರು. ಆಮೇಲೆ ಏನಾಯಿತು? ಅಂಗದೋಷದಿಂದ ಹುಟ್ಟುವ ಮಕ್ಕಳ ಸಂಖ್ಯೆ ಕಡಿಮೆಯಾಗಲೇ ಇಲ್ಲ. ವಾಂತಿ ಹೆಚ್ಚಾಗಿ ನೀರೂ ನಿಲ್ಲದೆ ಆಸ್ಪತ್ರೆ ಸೇರಿದ ಗರ್ಭಿಣಿಯರ ಸಂಖ್ಯೆ ಮಾತ್ರ ಏರಿತು. ಮೂವತ್ತು ವರುಷಗಳಾದ ಮೇಲೆ, 2013ರಲ್ಲಿ, ಅದೇ ಔಷಧಗಳ ಮಾತ್ರೆಗೆ ಅಲ್ಲಿಯ ಸರಕಾರವು ಬೇರೆ ಹೆಸರಿನಿಂದ ಪುನಃ ಅಪ್ಪಣೆ ಕೊಟ್ಟಿತು. ನಮ್ಮ ದೇಶದಲ್ಲಿ ವೈದ್ಯರು ಓಕರಿಕೆಗೆ ಬರೆದುಕೊಡುವದು ಬಹಳ ಸಲ ಇದನ್ನೇ.

ಹಾಗಾದರೆ ಅಂಗಡಿಯವನು ಕೊಟ್ಟ ನೆಗಡಿಯ ಮಾತ್ರೆಯಲ್ಲಿ ಏನೇನಿರುತ್ತದೆ? ಅದು ಒಂದೇ ಔಷಧವಲ್ಲ. ಸಾಂಬಾರಿನಲ್ಲಿ ಬೇಳೆ, ಹುಣಿಸೆ, ಮೆಣಸಿನಕಾಯಿ ಕೂಡಿರುವ ಹಾಗೆ ಮೂರು ನಾಲ್ಕು ಔಷಧಗಳು ಅದರಲ್ಲಿ ಕೂಡಿರುತ್ತವೆ. ಮಾತ್ರೆಯ ಪಟ್ಟಿಯ ಬೆನ್ನಿನ ಮೇಲೆ ಅವುಗಳ ಹೆಸರುಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚುಹಾಕಿರುತ್ತಾರೆ.

ಅವುಗಳಲ್ಲಿ ದೊಡ್ಡ ಪಾಲು ಪ್ಯಾರಾಸಿಟಮಾಲ್. ಜ್ವರಕ್ಕೂ ನೋವಿಗೂ ಗರ್ಭಿಣಿಯರಿಗೆ ವೈದ್ಯರು ಮೊದಲು ಕೊಡುವ ಔಷಧ ಇದೇ, ಮತ್ತು ಬಹು ಕಾಲದಿಂದ ಕೊಡುತ್ತಾ ಬಂದಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಅಮೇರಿಕದ ಅಧ್ಯಕ್ಷರು, ಗರ್ಭಿಣಿಯರು ಇದನ್ನು ನುಂಗುವದರಿಂದ ಮಕ್ಕಳಿಗೆ ಆಟಿಸಂ ಎಂಬ ಬುದ್ಧಿಬೆಳವಣಿಗೆಯ ತೊಂದರೆ ಬರುವದೆಂದು ಹೇಳಿದ್ದು ಟೆಲಿಫೋನುಗಳ ಮೂಲಕ ನಮ್ಮ ಹಳ್ಳಿಗಳಿಗೂ ಮುಟ್ಟಿತು. ಲೋಕಾರೋಗ್ಯ ಸಂಸ್ಥೆಯವರು ಅದೇ ತಿಂಗಳಲ್ಲಿ ಅದಕ್ಕೆ ಉತ್ತರವಾಗಿ, ಅಂಥ ಸಂಬಂಧವನ್ನು ನಿಶ್ಚಯಪಡಿಸುವ ಆಧಾರವಿಲ್ಲವೆಂದು ತಿಳಿಸಿದರು. ಸ್ವೀಡನ್ ದೇಶದಲ್ಲಿ 1995ರಿಂದ 2019ರ ವರೆಗೆ ಹುಟ್ಟಿದ 24 ಲಕ್ಷಕ್ಕಿಂತ ಹೆಚ್ಚು ಮಕ್ಕಳ ವಿಷಯವಾಗಿ ನಡೆದು 2024ರಲ್ಲಿ ಪ್ರಕಟವಾದ ವಿಚಾರಣೆಯಲ್ಲಿ, ಒಂದೇ ತಾಯಿಯ ಮಕ್ಕಳನ್ನು ಒಬ್ಬರೊಂದಿಗೊಬ್ಬರನ್ನು ಹೋಲಿಸಿ ನೋಡಿದಾಗ ಅಂಥ ಭೇದವೇನೂ ಕಾಣಲಿಲ್ಲ. ಅದನ್ನು ಬೇಕಾದಾಗ ಮಾತ್ರ, ಬೇಕಾದಷ್ಟು ಮಾತ್ರ ತೆಗೆದುಕೊಳ್ಳತಕ್ಕದ್ದು: 500 ಮಿಲಿಗ್ರಾಮಿನ ಒಂದು ಮಾತ್ರೆ, ಆರು ತಾಸುಗಳ ಅಂತರದಲ್ಲಿ, ಜ್ವರ ಇಳಿಯುವ ತನಕ. ಇಲ್ಲಿ ಒಂದು ಮೋಸವುಂಟು. ನೆಗಡಿಯ ಮಾತ್ರೆಯಲ್ಲಿ ಇದು ಇರುವದನ್ನು ತಿಳಿಯದೆ, ಅದರ ಸಂಗಡ ಜ್ವರದ ಮಾತ್ರೆಯೆಂದು ಇದನ್ನೇ ಇನ್ನೊಂದು ಹೆಸರಿನಿಂದ ನುಂಗಿದರೆ ಪ್ರಮಾಣವು ಇಮ್ಮಡಿಯಾಗುತ್ತದೆ. ಮಿತಿಮೀರಿದರೆ ಪಿತ್ತಜನಕಾಂಗಕ್ಕೆ ಕೇಡು.

ಎರಡನೇದು ಕ್ಲೋರ್ಫೆನಿರಮೀನ್. ಮೂಗು ಸೋರುವದನ್ನು ನಿಲ್ಲಿಸಿ ನಿದ್ದೆ ಬರಿಸುವದು ಇದೇ. ಬಹಳ ವರುಷಗಳಿಂದ ಅನೇಕ ಗರ್ಭಿಣಿಯರು ಇದನ್ನು ತೆಗೆದುಕೊಂಡಿದ್ದಾರೆ. ಇದರಿಂದ ಅಂಗದೋಷ ಹೆಚ್ಚಿದ್ದು ಕಂಡುಬಂದಿಲ್ಲ. ಅನೇಕ ಮಾತ್ರೆಗಳಲ್ಲಿ ಸ್ವಲ್ಪ ಕೆಫೀನ್, ಅಂದರೆ ಕಾಪಿಯಲ್ಲಿರುವ ಸತ್ವವೂ ಇರುತ್ತದೆ. ಒಂದು ಮಾತ್ರೆಯಲ್ಲಿ ಸಾಧಾರಣವಾಗಿ 30 ಮಿಲಿಗ್ರಾಮ್. ಗರ್ಭಿಣಿಯು ದಿನಕ್ಕೆ 200 ಮಿಲಿಗ್ರಾಮ್ ಮೀರಬಾರದೆಂದು ಹೇಳುತ್ತಾರೆ. ಆದದರಿಂದ ಇದಕ್ಕೂ ಅಂಜಬೇಕಾದದ್ದಿಲ್ಲ.

ಇನ್ನು ಫೆನೈಲೆಫ್ರೀನ್ ಎಂಬದು. ಕಟ್ಟಿದ ಮೂಗನ್ನು ಬಿಡಿಸುವದಕ್ಕೆಂದು ಇದನ್ನು ಹಾಕುತ್ತಾರೆ. ಇದು ರಕ್ತನಾಳಗಳನ್ನು ಬಿಗಿಮಾಡುತ್ತದೆ. ಆದಕಾರಣ ಮೊದಲಿನ ಮೂರು ತಿಂಗಳುಗಳಲ್ಲಿ ಇದನ್ನು ಬಿಡುವದು ಒಳ್ಳೇದೆಂದೂ, ರಕ್ತದ ಒತ್ತಡವುಳ್ಳವರು ಯಾವಾಗಲೂ ಬಿಡಬೇಕೆಂದೂ ವೈದ್ಯರು ಹೇಳುತ್ತಾರೆ. ಈ ಜಾತಿಯ ಔಷಧಗಳ ಮೇಲೆ ಕೆಲವು ವಿಚಾರಣೆಗಳಲ್ಲಿ ಒಂದು ಸಂಶಯ ಬಂದದ್ದುಂಟು: ಶಿಶುವಿನ ಹೊಟ್ಟೆಯ ಗೋಡೆ ಕೂಡಿಕೊಳ್ಳದೆ ಕರುಳು ಹೊರಗಿರುವ ದೋಷಕ್ಕೆ ಇದು ಸ್ವಲ್ಪ ಕಾರಣವಿರಬಹುದೇ ಎಂದು. ಆದರೆ ಆ ದೋಷವು ಸಾವಿರಾರು ಜನನಗಳಲ್ಲಿ ಒಂದಕ್ಕೆ ಬರುವಂಥದು. ಸಂಶಯವು ನಿಜವೆಂದೇ ಇಟ್ಟುಕೊಂಡು, ಒಂದರ ಸ್ಥಳದಲ್ಲಿ ಎರಡಾಗುತ್ತದೆಂದು ಎಣಿಸಿದರೂ, ಉಳಿದ ಸಾವಿರಾರು ಶಿಶುಗಳಿಗೆ ಅದು ಬರುವದಿಲ್ಲ. ನುಂಗಿದವಳು ಇದರಿಂದ ಧೈರ್ಯಗೆಡಬಾರದು. ಇನ್ನೂ ನುಂಗದವಳು ಬಿಡುವದು ಉಚಿತ. ಬಿಡುವದರಿಂದ ನಷ್ಟವೂ ಇಲ್ಲ. ಯಾಕಂದರೆ ಮಾತ್ರೆಯಾಗಿ ನುಂಗಿದ ಫೆನೈಲೆಫ್ರೀನು ಕಟ್ಟಿದ ಮೂಗನ್ನು ಬಿಡಿಸುವದೇ ಇಲ್ಲವೆಂದು 2023ರ ಸೆಪ್ಟೆಂಬರ್‌ನಲ್ಲಿ ಅಮೇರಿಕದ ಔಷಧ ಇಲಾಖೆಯ ಸಲಹೆಗಾರರು ತೀರ್ಮಾನಿಸಿದರು. ಇಷ್ಟು ವರುಷ ಜನರು ಹಣ ಕೊಟ್ಟು ಕೊಂಡದ್ದು ಬರೀ ಹೆಸರನ್ನೇ ಎಂದಾಯಿತು!

ಕೆಲವು ಅಂಗಡಿಗಳಲ್ಲಿ ನೆಗಡಿಯ ಮಾತ್ರೆಯ ಸಂಗಡ “ಮೈಕೈ ನೋವಿಗೆ” ಎಂದು ಇನ್ನೊಂದನ್ನು ಕಾಗದದ ಪೊಟ್ಟಣದಲ್ಲಿ ಸೇರಿಸಿ ಕೊಡುತ್ತಾರೆ. ಅದು ಐಬುಪ್ರೊಫೆನ್, ಡೈಕ್ಲೋಫೆನಾಕ್, ನಿಮೆಸುಲೈಡ್ ಮುಂತಾದವುಗಳಲ್ಲಿ ಒಂದಾಗಿರಬಹುದು. ಒಂದೆರಡನ್ನು ತಿಳಿಯದೆ ನುಂಗಿದ್ದರೆ ಗಾಬರಿಪಡಬೇಕಾಗಿಲ್ಲ, ಆದರೆ ವೈದ್ಯರನ್ನು ಕೇಳದೆ ಮುಂದುವರಿಸಬಾರದು. 20 ವಾರಗಳಾದ ಮೇಲಂತೂ ಇವು ಶಿಶುವಿನ ಮೂತ್ರಪಿಂಡಗಳನ್ನು ಕುಂದಿಸಿ ಗರ್ಭದ ನೀರನ್ನು ಕಡಿಮೆಮಾಡಬಲ್ಲವು. ಇನ್ನು ಸೂಜಿ ಚುಚ್ಚಿಸಿಕೊಂಡರೇ ರೋಗ ಬಿಟ್ಟುಹೋಗುವದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮಾತ್ರೆಗಾದರೂ ಪಟ್ಟಿಯುಂಟು, ಸೂಜಿಯಲ್ಲಿ ಹೋದದ್ದೇನೆಂದು ಆಮೇಲೆ ಹೇಳುವವರಾರು? ನೆಗಡಿಯು ವೈರಸ್ ಎಂಬ ಸೂಕ್ಷ್ಮ ಜಂತುವಿನಿಂದ ಬರುವದಾದ್ದರಿಂದ ಆಂಟಿಬಯೋಟಿಕ್ ಔಷಧಗಳಿಂದಲೂ ಅದಕ್ಕೆ ಏನೂ ಆಗುವದಿಲ್ಲ. ಅವುಗಳಲ್ಲಿ ಡಾಕ್ಸಿಸೈಕ್ಲಿನ್ ಮುಂತಾದ ಕೆಲವನ್ನು, ಶಿಶುವಿನ ಹಲ್ಲುಗಳ ಬಣ್ಣ ಕೆಡುವದೆಂಬ ಕಾರಣದಿಂದ, ಗರ್ಭಿಣಿಯರಿಗೆ ಕೊಡದೆ ಬಿಡುತ್ತಾರೆ.

“ನಾವು ಇಂಗ್ಲಿಷ್ ಔಷಧ ಮುಟ್ಟುವದಿಲ್ಲ, ನಮ್ಮದು ಸೊಪ್ಪುಸದೆ ಮಾತ್ರ” ಎಂದು ಹೇಳುವ ಅಜ್ಜಿಯರಿಗೂ ಇಲ್ಲಿ ಒಂದು ಮಾತು ಹೇಳಬೇಕಾಗಿದೆ. ಶುಂಠಿ, ಮೆಣಸು, ಜೀರಿಗೆ, ಕೊತ್ತಂಬರಿ, ತುಸು ಬೆಲ್ಲ ಹಾಕಿ ಕಾಸಿದ ಕಷಾಯವನ್ನು ಅಡಿಗೆಗೆ ಹಾಕುವಷ್ಟು ಪ್ರಮಾಣದಲ್ಲಿ ಕುಡಿದರೆ ಗಂಟಲಿಗೆ ಹಿತ, ಗರ್ಭಕ್ಕೆ ಭಯವಿಲ್ಲ. ಆದರೆ ಆಡುಸೋಗೆಯ ಕಷಾಯವನ್ನು ಬಸುರಿಗೆ ಕುಡಿಸಬಾರದು. ಆಡು ಮುಟ್ಟದ ಸೊಪ್ಪೆಂದು ಹೆಸರಾದ ಈ ಗಿಡವು ಕೆಮ್ಮಿಗೆ ಒಳ್ಳೇದೆಂದು ಹಿತ್ತಲಲ್ಲಿ ಬೆಳೆಸಿರುತ್ತೇವೆ. ಅದರಲ್ಲಿರುವ ವಾಸಿಸಿನ್ ಎಂಬ ಸತ್ವಕ್ಕೆ ಗರ್ಭಕೋಶವನ್ನು ಹಿಂಡುವ ಗುಣವುಂಟೆಂದು ಪರೀಕ್ಷೆಗಳಲ್ಲಿ ಕಂಡಿದ್ದಾರೆ. ಗರ್ಭ ಇಳಿಸುವದಕ್ಕೂ ಅದನ್ನು ಉಪಯೋಗಿಸಿದ್ದುಂಟು. ಅಂಗಡಿಯಲ್ಲಿ ಸಿಕ್ಕುವ ನಾಟಿ ಕೆಮ್ಮಿನ ಔಷಧಗಳಲ್ಲಿಯೂ ವಾಸಾ ಅಥವಾ ವಾಸಕ ಎಂಬ ಹೆಸರಿನಿಂದ ಇದು ಸೇರಿರುತ್ತದೆ. ಜೇಷ್ಠಮಧುವನ್ನು ದಿನವೂ ಬಹಳವಾಗಿ ಜಗಿಯುವದೂ ಬೇಡ. ಕರ್ಪೂರವನ್ನು ನುಂಗುವದು ಯಾರಿಗೂ ತಕ್ಕದ್ದಲ್ಲ. ಸೊಪ್ಪಿನಲ್ಲಿಯೂ ಔಷಧವಿದೆಯೆಂದು ನಂಬುವವರು ಅದಕ್ಕೆ ಔಷಧದ ಗುಣದೋಷಗಳೆರಡೂ ಉಂಟೆಂದು ಒಪ್ಪಲೇಬೇಕು.

ಹಾಗಾದರೆ ನೆಗಡಿ ಬಂದ ಗರ್ಭಿಣಿಯು ಏನು ಮಾಡಬೇಕು? ಬಿಸಿನೀರಿನ ಹಬೆಯನ್ನು ಮೂಗಿಗೆ ತೆಗೆದುಕೊಳ್ಳಬಹುದು. ಪಾತ್ರೆಯನ್ನು ಮಡಿಲಲ್ಲಿಡದೆ ನೆಲದ ಮೇಲೆ ಭದ್ರವಾಗಿಡಬೇಕು, ಯಾಕಂದರೆ ಕುದಿನೀರು ಚೆಲ್ಲಿ ತೊಡೆ ಬೆಂದರೆ ನೆಗಡಿಗಿಂತ ಅದೇ ದೊಡ್ಡ ರೋಗವಾಗುತ್ತದೆ. ಉಪ್ಪು ಹಾಕಿದ ಬೆಚ್ಚನೆಯ ನೀರಿನಿಂದ ಗಂಟಲು ಮುಕ್ಕಳಿಸಬಹುದು. ಗಂಜಿ, ಸಾರು, ಬಿಸಿನೀರು ಧಾರಾಳವಾಗಿ ಕುಡಿಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಎರಡು ದಿವಸ ಮಲಗಿರಬೇಕು. ಇದು ಅವಳ ಕೈಯಲ್ಲಿಲ್ಲ, ಅತ್ತೆಯ ಕೈಯಲ್ಲಿಯೂ ಗಂಡನ ಕೈಯಲ್ಲಿಯೂ ಇದೆ. ಒಂದು ವಾರ ಹತ್ತು ದಿವಸಗಳಲ್ಲಿ ನೆಗಡಿ ತಾನೇ ಹೋಗುತ್ತದೆ.

ಜ್ವರವನ್ನಾದರೋ ತಾಳಿಕೊಂಡು ಸುಮ್ಮನಿರಬಾರದು. ಇದನ್ನು ನಾವು ಒತ್ತಿ ಹೇಳುತ್ತೇವೆ. ಯಾಕಂದರೆ ಔಷಧಕ್ಕೆ ಹೆದರಿ ಕೆಲವರು ಮೈ ಸುಡುತ್ತಿದ್ದರೂ ಕಂಬಳಿ ಹೊದ್ದು ಮಲಗುತ್ತಾರೆ. ಮೊದಲಿನ ವಾರಗಳಲ್ಲಿ 102 ಡಿಗ್ರಿ ಮೀರಿದ ಜ್ವರವು ಹೆಚ್ಚು ಹೊತ್ತು ನಿಂತರೆ, ಮೇಲೆ ಹೇಳಿದ ಬೆನ್ನುಹುರಿಯ ಕೊಳವೆಯು ಸರಿಯಾಗಿ ಮುಚ್ಚಿಕೊಳ್ಳದೆ ಹೋಗುವ ಸಂಭವವು ಹೆಚ್ಚುತ್ತದೆಂದು ಅನೇಕ ವಿಚಾರಣೆಗಳಿಂದ ತಿಳಿದಿದೆ. ಪ್ಯಾರಾಸಿಟಮಾಲಿನಿಂದ ಅಂಥ ಅಪಾಯ ಕಂಡಿಲ್ಲ. ಹೀಗಿರಲಾಗಿ ಮಾತ್ರೆಗೆ ಅಂಜಿ ಜ್ವರವನ್ನು ಇಟ್ಟುಕೊಳ್ಳುವದು ನೆರಳಿಗೆ ಹೆದರಿ ಬೆಂಕಿಯನ್ನು ತುಳಿದ ಹಾಗೆ. ಜ್ವರವು ಎರಡು ದಿವಸಗಳಲ್ಲಿ ಇಳಿಯದಿದ್ದರೆ, ಉಸಿರು ಕಟ್ಟಿದರೆ, ಎದೆ ನೋಯಿಸಿದರೆ, ಹೊಟ್ಟೆನೋವಾಗಲಿ ರಕ್ತಸ್ರಾವವಾಗಲಿ ಕಂಡರೆ, ಆ ದಿವಸವೇ ಆಸ್ಪತ್ರೆಗೆ ಹೋಗಬೇಕು. ಅದು ನೆಗಡಿಯಲ್ಲದೆ ಇನ್‌ಫ್ಲುಯೆಂಜಾ, ಡೆಂಗೆ, ಮಲೇರಿಯ ಇವುಗಳಲ್ಲಿ ಒಂದಿರಬಹುದು. 2009ರ ಇನ್‌ಫ್ಲುಯೆಂಜಾ ಲೋಕದಲ್ಲೆಲ್ಲಾ ಹರಡಿದಾಗ, ಅಮೇರಿಕದ ಜನಸಂಖ್ಯೆಯಲ್ಲಿ ಗರ್ಭಿಣಿಯರು ನೂರಕ್ಕೆ ಒಬ್ಬರಷ್ಟಿದ್ದರೂ ಸತ್ತವರಲ್ಲಿ ನೂರಕ್ಕೆ ಐವರಷ್ಟಿದ್ದರು. ಈ ರೋಗಕ್ಕೆ ಗರ್ಭಿಣಿಯರಿಗೆ ಕೊಡತಕ್ಕ ಲಸಿಕೆಯುಂಟು. ಎರಡು ವಾರ ಬಿಡದೆ ಕೆಮ್ಮಿದರೆ ಕಫವನ್ನು ಕ್ಷಯದ ಪರೀಕ್ಷೆಗೆ ಕೊಡಬೇಕು.

ಈಗ ಪಾಠದ ಮೊದಲಿನಲ್ಲಿ ಹೇಳಿದ ಆ ಸೊಸೆಯ ಸಂಗತಿಗೆ ಬರುತ್ತೇವೆ. “ತೆಗೆಸಿಬಿಡು” ಎಂಬ ಮಾತನ್ನು ಕೇಳಿ, ಕೆಲವರು ವೈದ್ಯರ ಬಳಿಗೂ ಹೋಗದೆ ಅಂಗಡಿಯಿಂದ ಗರ್ಭ ಇಳಿಸುವ ಮಾತ್ರೆಗಳನ್ನು ಗುಟ್ಟಾಗಿ ತರಿಸಿ ನುಂಗುತ್ತಾರೆ. ವೈದ್ಯರ ಚೀಟಿ ಇಲ್ಲದೆ ಅವುಗಳನ್ನು ಮಾರುವದೇ ತಪ್ಪು. ಅದರಿಂದ ರಕ್ತ ಹರಿದು ಪ್ರಾಣಕ್ಕೆ ಬಂದದ್ದುಂಟು. ಗರ್ಭವು ಕೋಶದ ಹೊರಗೆ ನಿಂತಿದ್ದರೆ ಅಪಾಯವು ಇನ್ನೂ ಹೆಚ್ಚು. ಇದಲ್ಲದೆ ಇನ್ನೊಂದು ಉಂಟು. ಆ ಮಾತ್ರೆಗಳಲ್ಲಿ ಒಂದಾದ ಮಿಸೊಪ್ರೊಸ್ಟಾಲ್ ಎಂಬದು ಗರ್ಭವನ್ನು ಇಳಿಸಲಾರದೆ ಹೋದಲ್ಲಿ, ಹುಟ್ಟುವ ಶಿಶುವಿನ ಮುಖದ ನರಗಳಿಗೂ ಕೈಕಾಲುಗಳಿಗೂ ದೋಷ ಬರುವದುಂಟೆಂದು ಬ್ರಜಿಲ್ ದೇಶದಲ್ಲಿ ಅನೇಕ ಮಕ್ಕಳಲ್ಲಿ ಕಂಡಿದ್ದಾರೆ. ನೋಡಿರಿ, ಕೇಡು ಮಾಡದ ಮಾತ್ರೆಗೆ ಹೆದರಿ, ನಿಜವಾಗಿಯೂ ಕೇಡು ಮಾಡಬಲ್ಲ ಮಾತ್ರೆಯನ್ನು ಅವಳು ನುಂಗಿದಂತಾಯಿತು.

ಆದದರಿಂದ ಅವಳು ಮಾಡತಕ್ಕದ್ದೇನಂದರೆ, ನುಂಗಿದ ಮಾತ್ರೆಯ ಪಟ್ಟಿ ಇದ್ದರೆ ಅದನ್ನು ಒಲೆಗೆ ಹಾಕದೆ ತೆಗೆದಿಡಬೇಕು. ಇಲ್ಲದಿದ್ದರೆ ಅದೇ ಅಂಗಡಿಯಲ್ಲಿ ವಿಚಾರಿಸಿ ಹೆಸರನ್ನು ಬರೆಸಿಕೊಳ್ಳಬೇಕು. ಯಾವ ದಿವಸ, ಎಷ್ಟು ಮಾತ್ರೆ, ಕಡೇ ಮುಟ್ಟು ಯಾವಾಗ ಎಂಬವುಗಳನ್ನು ಜ್ಞಾಪಕ ಮಾಡಿಕೊಂಡು ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಅವಳ ಸಂಗಡ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ವೈದ್ಯರಿಗೆ ತೋರಿಸಬೇಕು. ಮೂರ್ಛೆರೋಗದ ಮಾತ್ರೆ, ರಕ್ತದ ಒತ್ತಡದ ಮಾತ್ರೆ, ಮೊಡವೆಗೆ ಕೊಟ್ಟ ಮಾತ್ರೆ ಹೀಗೆ ದಿನವೂ ತೆಗೆದುಕೊಳ್ಳುತ್ತಿದ್ದ ಬೇರೆ ಔಷಧಗಳಿದ್ದರೆ ಅವುಗಳನ್ನೂ ಮರೆಮಾಡದೆ ಹೇಳಬೇಕು. ನಿಜವಾಗಿ ವಿಚಾರಮಾಡಬೇಕಾದವು ಇವೇ. ಆದರೆ ಹೆದರಿ ತಾನಾಗಿ ನಿಲ್ಲಿಸಬಾರದು. ಅಲ್ಲಿ 400 ಮೈಕ್ರೊಗ್ರಾಮಿನ ಫೋಲಿಕ್ ಆಸಿಡ್ ಮಾತ್ರೆಗಳನ್ನು ಕೇಳಿ ತೆಗೆದುಕೊಂಡು ಮೊದಲಿನ ಮೂರು ತಿಂಗಳು ತಪ್ಪದೆ ನುಂಗಬೇಕು. ಬೆನ್ನುಹುರಿಯ ದೋಷವನ್ನು ತಡೆಯುವ ಔಷಧ ಇದೇ. ಹಿಂದೆ ಅಂಥ ಶಿಶುವನ್ನು ಹೆತ್ತ ತಾಯಂದಿರಿಗೆ ಇದನ್ನು ಇನ್ನೂ ಹೆಚ್ಚು ಪ್ರಮಾಣದಲ್ಲಿ ಗರ್ಭಕ್ಕೆ ಮುಂಚಿನಿಂದಲೇ ಕೊಟ್ಟಾಗ, ನೂರರಲ್ಲಿ 72ರಷ್ಟು ಕಡಿಮೆಯಾಯಿತೆಂದು ಇಂಗ್ಲಂಡಿನ ವೈದ್ಯರು 1991ರಲ್ಲಿ ತೋರಿಸಿದರು. ಮಗು ಬೇಕೆಂದಿರುವ ಸ್ತ್ರೀಯು ಗರ್ಭ ನಿಲ್ಲುವದಕ್ಕೆ ಮುಂಚೆಯೇ ಇದನ್ನು ಆರಂಭಿಸುವದು ಉತ್ತಮ. ಅಂಥವಳು ನೆಗಡಿಗೆ ಔಷಧ ಕೇಳುವಾಗ, “ನನಗೆ ಈ ತಿಂಗಳು ಮುಟ್ಟು ತಡವಾಗಿದೆ” ಎಂದು ಅಂಗಡಿಯವನಿಗೆ ಹೇಳುವದಕ್ಕೆ ನಾಚಿದರೆ, ವೈದ್ಯರಿಗಾದರೂ ದಾದಿಗಾದರೂ ಹೇಳಲಿ.

ಪ್ರತಿ ತಿಂಗಳ 9ನೇ ತಾರೀಖಿನಲ್ಲಿ ಸರಕಾರದ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಹಣವಿಲ್ಲದೆ ಪರೀಕ್ಷಿಸುವ ಏರ್ಪಾಡು 2016ರಿಂದ ನಡೆದುಬಂದಿದೆ. ಮನಸ್ಸಿನ ಕಳವಳ ಪೂರ್ತಿಯಾಗಿ ಹೋಗದವಳು 18ರಿಂದ 20 ವಾರಗಳೊಳಗೆ ಸ್ಕ್ಯಾನಿಂಗ್ ಮಾಡಿಸಲಿ. ಶಿಶುವಿನ ಬೆನ್ನು, ಹೃದಯ, ಹೊಟ್ಟೆ, ಕೈಕಾಲುಗಳನ್ನು ವೈದ್ಯರು ಒಂದೊಂದಾಗಿ ನೋಡುವ ಕಾಲ ಅದೇ. ಗಂಡೋ ಹೆಣ್ಣೋ ಎಂದು ಕೇಳಬಾರದು, ಅವರು ಹೇಳುವದೂ ಇಲ್ಲ. 1994ರ ಕಾಯಿದೆಯಿಂದ ಅದು ನಿಷೇಧವಾಗಿದೆ. ಆ ದಿವಸ ಗಂಡನು ಸಂಗಡ ಹೋಗಿ, ವೈದ್ಯರು ಹೇಳುವದನ್ನು ತನ್ನ ಕಿವಿಯಿಂದಲೇ ಕೇಳಿ ಬಂದು ಮನೆಯಲ್ಲಿ ತಾಯಿಗೆ ಹೇಳಲಿ. ಸೊಸೆಯು ಹೇಳಿದರೆ ನಂಬದ ಅತ್ತೆ ಮಗನು ಹೇಳಿದರೆ ನಂಬುತ್ತಾಳೆ.